ಕ್ಯಾಮರಾದ ಮುಚ್ಚಳ

"ಅಣ್ಣಾ, ಕೈಯಲ್ಲಿರೋದನ್ನ ಮೊದಲು ಕೆಳಗಿಡಿ" ಎಂದರು ನನ್ನ ತಮ್ಮನ ಫೋಟೋ ಕೂಟದ ಹಲ್ಲಿನ ಡಾಕ್ಟರು.

ನನ್ನ ಕೈಯಲ್ಲಿ ಗಾಜು ಕೊಯ್ಯುವ ಉಳಿಯಿತ್ತು. ಫೋಟೋಗಳಿಗೆ ಚೌಕಟ್ಟು ಹಾಕುವ ನನ್ನ ಅಂಗಡಿಯ ಬಾಗಿಲು ತೆರೆದು ಇನ್ನೂ ಕಸ ಗುಡಿಸಿರಲಿಲ್ಲ. ಡಾಕ್ಟರ ಬೂಟುಗಳಿಗೆ ಹಳೆಯ ಕಲ್ಲುಗಣಿಯ ಬಿಳಿ ಧೂಳು ಮೆತ್ತಿತ್ತು. ಹೆಗಲ ಮೇಲಿನ ಕ್ಯಾಮರಾ ಚೀಲವನ್ನು ಅವರು ಇಳಿಸಿರಲಿಲ್ಲ.

"ನಿಮ್ಮ ತಮ್ಮ ಗಣಿಯ ಅಂಚಿಂದ ಜಾರಿಬಿಟ್ಟರು. ಕ್ಯಾಮರಾದಲ್ಲಿ ಕಣ್ಣಿಟ್ಟುಕೊಂಡೇ ಜಾರಿಬಿಟ್ಟರು, ಪಾಪ."

"ಯಾವ ಆಸ್ಪತ್ರೆ?"

ಡಾಕ್ಟರು ತಲೆ ಅಲ್ಲಾಡಿಸಿದರು. ನಾನು ಅರ್ಧ ಗೀರಿದ್ದ ಗಾಜನ್ನು ಪೂರ್ತಿ ಗೀರಿ, ಮುರಿದು, ತುಂಡುಗಳನ್ನು ಗೋಡೆಗೆ ಒರಗಿಸಿಟ್ಟೆ.

ತಮ್ಮ ಸತ್ತ ಸುದ್ದಿ ತಿಳಿದದ್ದು ಹೀಗೆ. ಅಂದಿನಿಂದ ಬೆಳಗಿನ ಪ್ರಾರ್ಥನೆಗೆ ಕುಳಿತರೆ ನಾಲಿಗೆಯ ಮೇಲೆ ದೇವರ ಹೆಸರು ಬರುತ್ತಿತ್ತು, ಎದೆಯಲ್ಲಿ ಸಿಟ್ಟು ಕುದಿಯುತ್ತಿತ್ತು.

ಮೊದಮೊದಲು ತಮ್ಮನ ಮೇಲೇ ಸಿಟ್ಟು. ಹಗಲೆಲ್ಲ ಮುದ್ರಣಾಲಯದಲ್ಲಿ ಬಣ್ಣ ಸರಿನೋಡುವ ಕೆಲಸ. ರಜೆ ಬಂತೆಂದರೆ ನಸುಕಿಗೇ ಎದ್ದು ಬೆಟ್ಟ, ಬಂಡೆ, ನೀರು. ಇದ್ದ ಸ್ಕೂಟರನ್ನು ಮಾರಿ ಒಂದು ಲೆನ್ಸು ಕೊಂಡ. ಹಣೆ ಉಬ್ಬಿದ ಭಾರಿ ಗಾಜು; ಇಡೀ ಕಣಿವೆಯನ್ನು ಒಂದೇ ಚಿತ್ರದೊಳಗೆ ತರುವಂಥದ್ದು. ಅದು ಬಂದ ಮೇಲೆ ಅವನ ಫೋಟೋ ಕೂಟದವರು ಅವನ ಚಿತ್ರಗಳನ್ನು ನೋಡುವುದನ್ನೇ ಬಿಟ್ಟರು, ಲೆನ್ಸನ್ನು ನೋಡತೊಡಗಿದರು. ಕೈಗೆ ಕೊಟ್ಟರೆ ಹಸುಗೂಸನ್ನು ಎತ್ತಿಕೊಂಡಂತೆ ಹಿಡಿಯುವರು. ತಿರುಗಿ ಕೊಡುವಾಗ ಮುಖ ಸಣ್ಣದು ಮಾಡಿಕೊಳ್ಳುವರು.

ಅವನನ್ನು ಕಳಿಸಿಕೊಟ್ಟು ಬಂದ ದಿನ ಅವರಲ್ಲೊಬ್ಬ ನನ್ನ ಕೈ ಹಿಡಿದುಕೊಂಡು, "ಲೆನ್ಸೂ ಹೋಯ್ತಾ ಯಜಮಾನ್ರೇ?" ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ಯಾವುದಕ್ಕಾಗಿ ಬಂದ ನೀರೋ! ಕೊರಳಪಟ್ಟಿ ಹಿಡಿದು ಬೀದಿಗೆ ದಬ್ಬಬೇಕೆನ್ನಿಸಿತು. ಸಾವಿನ ಮನೆಯೆಂದು ಸುಮ್ಮನಾದೆ.

ಆದರೆ ಈ ದಿನ ನಾನು ಸುಮ್ಮನಾಗಲಿಲ್ಲ.

ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮ ಅಂಗಡಿಗೆ ಬಂದರು. ತಮ್ಮನ ಸಾವಿನ ವಿಚಾರಣೆ ಮಾಡುತ್ತಿದ್ದವರು ಅವರೇ. ಜೊತೆಗಿದ್ದ ಪೇದೆ ಒಂದು ಚೀಲವನ್ನು ಗಾಜು ಕೊಯ್ಯುವ ಮೇಜಿನ ಮೇಲಿಟ್ಟ. ಒಳಗೆ ಏನೋ ಕಟಕಟ ಎಂದಿತು.

"ಇದು ಅವರ ಸಾಮಾನು. ಇದು ನಿಮ್ಮ ಹೇಳಿಕೆ. ಫೋಟೋ ತೆಗೀತಾ ಕಾಲು ಜಾರಿ ಬಿದ್ದರು, ನಮಗೆ ಯಾರ ಮೇಲೂ ಅನುಮಾನ ಇಲ್ಲ ಅಂತ ಬರೆದಿದೆ. ಓದಿ ಸೈನ್ ಹಾಕಿಡಿ. ಸಂಜೆ ಬಂದು ತಗೊಂಡು ಹೋಗ್ತೀನಿ."

"ಅವರ ಲೆನ್ಸು?" ಎಂದಳು ತಮ್ಮನ ಹೆಂಡತಿ. ಅವಳು ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತಿದ್ದಳು.

"ಬಿದ್ದ ರಭಸಕ್ಕೆ ಕಿತ್ತುಕೊಂಡು ಗಣಿಯ ನೀರಿಗೆ ಹೋಗಿರುತ್ತಮ್ಮ. ತಳ ಎಷ್ಟು ಆಳವೋ, ಯಾರು ಹುಡುಕ್ತಾರೆ?"

ಅವರು ಹೋದರು. ನನ್ನ ಮಗ ಪೆನ್ನು ತಂದು ನನ್ನ ಮುಂದಿಟ್ಟ. ಅವನು ಮದುವೆ ಫೋಟೋ ತೆಗೆದು ಹೊಟ್ಟೆ ಹೊರೆಯುವವನು. ಕ್ಯಾಮರಾ ಹಿಡಿಯುವುದನ್ನು ಚಿಕ್ಕಪ್ಪನೇ ಕಲಿಸಿದ್ದ.

"ಸೈನ್ ಮಾಡಿ ಮುಗಿಸಿಬಿಡಿ ಅಪ್ಪ. ಚಿಕ್ಕಮ್ಮನಿಗೂ ಅಷ್ಟು ನೆಮ್ಮದಿ."

ನಾನು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದಾಗ ಅವಳು ಚೀಲ ಬಿಚ್ಚಿದಳು. ಕ್ಯಾಮರಾ ನಿಲ್ಲಿಸುವ ಸ್ಟ್ಯಾಂಡಿನ ಒಂದು ಕಾಲು ಡೊಂಕಾಗಿತ್ತು. ಕ್ಯಾಮರಾದ ಮೈ ಬಿರುಕು ಬಿಟ್ಟಿತ್ತು. ಚಿತ್ರ ಉಳಿಯುವ ಕಾರ್ಡಿನ ಗೂಡು ಒಡೆದು ಬರಿದಾಗಿತ್ತು. ಲೆನ್ಸು ಕೂರುವ ಬಾಯಿಯ ಮೇಲೆ ಒಂದು ಕರಿಯ ದುಂಡು ಮುಚ್ಚಳ ಕೂತಿತ್ತು.

"ಭಾವ, ನಿಲ್ಲಿ. ಇದು ನಮ್ಮದಲ್ಲ."

"ಕ್ಯಾಮರಾ ಅವನದೇ ಅಲ್ವೇನಮ್ಮ?"

"ಕ್ಯಾಮರಾ ನಮ್ಮದೇ. ಈ ಮುಚ್ಚಳ ನಮ್ಮದಲ್ಲ. ಲೆನ್ಸು ಬಿಚ್ಚಿದಾಗ ಒಳಗೆ ಧೂಳು ಹೋಗಬಾರದು ಅಂತ ಹಾಕೋದು ಇದು. ನಮ್ಮ ಹತ್ರ ಇದ್ದಿದ್ದು ಒಂದೇ ಲೆನ್ಸು, ಅವರು ಬಿಚ್ಚುತ್ತಲೇ ಇರಲಿಲ್ಲ. ಜೊತೆಗೆ ಬಂದ ಮುಚ್ಚಳ ಎಂದೋ ಕಳೆದುಹೋಯ್ತು."

ಅವಳು ಅದನ್ನು ಹಿಡಿದು ತಿರುಗಿಸಿದಳು. ಟಕ್ಕೆಂದು ಬಿಡಿಸಿಕೊಂಡು ಬಂತು. ಕ್ಯಾಮರಾದ ಹೊರಮೈಯೆಲ್ಲ ಜಜ್ಜಿಹೋಗಿತ್ತು. ಬಾಯಿಯ ಲೋಹದ ಬಳೆಗೆ ಮಾತ್ರ ಒಂದು ಗೀರೂ ಇರಲಿಲ್ಲ.

"ನೋಡಿ ಭಾವ. ಬಿದ್ದು ಕಿತ್ತುಕೊಂಡಿದ್ದರೆ ಈ ಬಳೆ ಹರಿದಿರಬೇಕಿತ್ತು. ಲೆನ್ಸನ್ನ ಗಣಿಯ ಮೇಲೇ ಬಿಚ್ಚಿದಾರೆ. ಕೈಯಿಂದ ಬಿಚ್ಚಿ, ಮುಚ್ಚಳ ಹಾಕಿ..."

ಮುಂದಿನ ಮಾತು ನನಗೆ ಕೇಳಬೇಕಾಗಿರಲಿಲ್ಲ. ಯಾರದೋ ಕೈ ಮೊದಲು ಲೆನ್ಸು ಬಿಚ್ಚಿಕೊಂಡಿದೆ. ಆಮೇಲೆ, ಕ್ಯಾಮರಾದೊಳಗೆ ಧೂಳು ಬೀಳಬಾರದೆಂದು, ಅಭ್ಯಾಸಬಲದಿಂದ, ಅದರ ಬಾಯಿಗೆ ಮುಚ್ಚಳ ಹಾಕಿದೆ. ಅದಾದ ಮೇಲೆ ಕ್ಯಾಮರಾವನ್ನೂ ನನ್ನ ತಮ್ಮನನ್ನೂ ಕೆಳಗೆ ನೂಕಿದೆ. ಮನುಷ್ಯ ಬಿದ್ದರೆ ಚಿಂತೆಯಿಲ್ಲ, ಧೂಳು ಬೀಳಬಾರದು!

ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಲ್ಲಿ ಒಂದು ಸಣ್ಣ ಅಂಕಿ ಬರೆದಿತ್ತು. ಅದು ಯಾರ ಗುರುತೆಂದು ನಮಗಿಬ್ಬರಿಗೂ ಗೊತ್ತು. ಹಲ್ಲಿನ ಅಚ್ಚುಗಳಿಗೆ ನಂಬರು ಬರೆಯುವ ಹಾಗೇ ತಮ್ಮ ಕ್ಯಾಮರಾ ಸಾಮಾನಿಗೆಲ್ಲ ನಂಬರು ಬರೆಯುವವರು ಹಲ್ಲಿನ ಡಾಕ್ಟರೊಬ್ಬರೇ. ಆ ನಸುಕಿನಲ್ಲಿ ತಮ್ಮನ ಜೊತೆ ಗಣಿಗೆ ಹೋಗಿದ್ದವರೂ ಅವರೊಬ್ಬರೇ. ತಲಾ ಒಂದೊಂದು ಬಂಡೆ ಹಿಡಿದು ದೂರ ದೂರ ನಿಂತಿದ್ದೆವು, ಬಿದ್ದದ್ದನ್ನು ನೋಡಲಿಲ್ಲ ಎಂದು ಹೇಳಿಕೆ ಕೊಟ್ಟವರು.

"ಗಾಡಿ ತೆಗೆಯೋ" ಎಂದೆ ಮಗನಿಗೆ.

"ಈಗ್ಲೇ ಯಾಕಪ್ಪ? ಒಂದು ಮುಚ್ಚಳ ಹಿಡ್ಕೊಂಡು ಡಾಕ್ಟ್ರ ಮೇಲೆ ಹೋದ್ರೆ ಜನ ನಗ್ತಾರೆ."

"ನಗಲಿ. ನಿನ್ನ ಚಿಕ್ಕಪ್ಪ ಕಣೋ ಸತ್ತಿದ್ದು! ನೀನು ಬರದಿದ್ರೆ ನಡ್ಕೊಂಡು ಹೋಗ್ತೀನಿ."

ಅವನು ಗಾಡಿ ತೆಗೆದ. ಡಾಕ್ಟರ ಕಟ್ಟಡದ ಮುಂದೆ ನಿಲ್ಲಿಸಿ, "ಇಲ್ಲಿ ಗಾಡಿ ಬಿಟ್ಟು ಬರೋ ಹಾಗಿಲ್ಲ, ನೀವು ಹೋಗಿಬನ್ನಿ" ಎಂದ.

ಕಾಯುವ ಬೆಂಚಿನ ಮೇಲೆ ಒಬ್ಬ ಕೆನ್ನೆ ಹಿಡಿದುಕೊಂಡು ನರಳುತ್ತಿದ್ದ. ಅವನನ್ನು ದಾಟಿ ನಾನು ನೇರವಾಗಿ ಒಳಗೆ ಹೋದೆ. ಡಾಕ್ಟರು ಕೈ ತೊಳೆಯುತ್ತಿದ್ದರು.

"ಓಹೋ, ಅಣ್ಣನವರು! ಕೂತ್ಕೊಳ್ಳಿ, ಕೂತ್ಕೊಳ್ಳಿ. ಯಾವ ಹಲ್ಲು?"

ಅಲ್ಲಿ ಇದ್ದದ್ದು ರೋಗಿಯ ಕುರ್ಚಿ ಒಂದೇ. ನಾನು ಕೂರಲಿಲ್ಲ.

"ಡಾಕ್ಟ್ರೇ, ಇಲ್ಲಿಗೆ ಬರೋರೆಲ್ಲ ನಿಮ್ಮ ಮುಂದೆ ಬಾಯಿ ತೆಗೀತಾರೆ. ಇವತ್ತು ನೀವು ತೆಗೀಬೇಕು." ಮುಚ್ಚಳವನ್ನು ಅವರ ಸಲಕರಣೆಗಳ ತಟ್ಟೆಯಲ್ಲಿ ಹಾಕಿದೆ. ಅದು ಇಕ್ಕಳದ ಪಕ್ಕದಲ್ಲಿ ಸದ್ದು ಮಾಡಿ ಕೂತಿತು.

ಅವರು ಅದನ್ನು ನೋಡಿದರು. ಮುಟ್ಟಲಿಲ್ಲ.

"ಇದು ನಿಮಗೆ ಎಲ್ಲಿ ಸಿಕ್ತು?"

"ನನ್ನ ತಮ್ಮನ ಕ್ಯಾಮರಾದ ಬಾಯಲ್ಲಿ. ಅವತ್ತು ಅಂಗಡಿಗೆ ಬಂದು ನೀವು ಏನಂದ್ರಿ? ಕ್ಯಾಮರಾದಲ್ಲಿ ಕಣ್ಣಿಟ್ಟುಕೊಂಡೇ ಜಾರಿದರು ಅಂದ್ರಿ. ಲೆನ್ಸಿಲ್ಲದ, ಮುಚ್ಚಳ ಹಾಕಿದ ಕ್ಯಾಮರಾದಲ್ಲಿ ಅವನು ಏನು ನೋಡ್ತಿದ್ದ ಡಾಕ್ಟ್ರೇ? ಹೇಳಿ. ಕತ್ತಲೆ ನೋಡ್ತಿದ್ನಾ?"

"ನಾನು... ಹಾಗೇ ಆಗಿರಬೇಕು ಅಂದುಕೊಂಡೆ. ಯಾರಾದ್ರೂ ಹಾಗೇ ಅಂದುಕೊಳ್ತಾರೆ."

"ಅಂದುಕೊಂಡದ್ದನ್ನೇ ಪೊಲೀಸರಿಗೆ ಬರೆಸಿದ್ರಾ? ಸಾವನ್ನ?"

"ಅಣ್ಣಾ, ಧ್ವನಿ ಸಣ್ಣದು ಮಾಡಿ. ಹೊರಗೆ ಜನ ಇದ್ದಾರೆ."

"ಇರಲಿ, ಕೇಳಲಿ! ನಿಮ್ಮ ಮುಚ್ಚಳ ಅಲ್ಲಿಗೆ ಹೇಗೆ ಹೋಯ್ತು?"

ಡಾಕ್ಟರು ಬಾಗಿಲು ಹಾಕಿಬಂದರು. ಒರೆಸಿದ ಕೈಗಳನ್ನೇ ಮತ್ತೆ ಒರೆಸಿಕೊಂಡರು.

"ನಾನೇ ಕೊಟ್ಟಿದ್ದು. ಹಿಂದಿನ ಸಂಜೆ ನಿಮ್ಮ ತಮ್ಮನೇ ಇಲ್ಲಿಗೆ ಬಂದು ಇಸ್ಕೊಂಡು ಹೋದರು."

"ಇರೋ ಒಂದು ಲೆನ್ಸನ್ನ ಬಿಚ್ಚದೇ ಇರೋನಿಗೆ ಮುಚ್ಚಳ ಯಾಕೆ?"

"ನಾನೂ ಅದನ್ನೇ ಕೇಳಿದೆ. ನಾಳೆ ಬೆಳಕು ಬಿದ್ದ ಮೇಲೆ ಲೆನ್ಸನ್ನ ಒಬ್ಬರಿಗೆ ಕೊಟ್ಟುಬಿಡ್ತೀನಿ, ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಒಬ್ಬರು ಬೇಯ್ತಿರೋದನ್ನ ನೋಡೋಕಾಗಲ್ಲ ಅಂದರು. ನಗ್ತಾನೇ ಅಂದರು." ಡಾಕ್ಟರ ಮುಖ ಕೆಂಪಗಾಯಿತು. "ನಾನು ಎಷ್ಟು ಸಲ ಕೇಳಿದ್ದೆ ಗೊತ್ತಾ? ಹೇಳಿದ ಬೆಲೆ ಕೊಡ್ತೀನಿ ಅಂದಿದ್ದೆ. ಇಲ್ಲ ಅಂದವರು, ಬಿಟ್ಟಿ ಕೊಡೋಕೆ ಹೊರಟರು! ಅದರ ಬೆಲೆ ತಿಳಿಯದೇ ಇರೋರಿಗೆ!"

ಅವರ ಮಾತಿಗಿಂತ ಅವರ ಕಣ್ಣು ನನ್ನನ್ನು ಎಚ್ಚರಿಸಿತು. ಅದು ಮಾತಿನ ನಡುವೆ ಮತ್ತೆ ಮತ್ತೆ ಮೂಲೆಯ ಗಾಜಿನ ಕಪಾಟಿನ ಕಡೆಗೆ ಹೋಗುತ್ತಿತ್ತು. ನಾನು ಅತ್ತ ನಡೆದೆ.

"ಅಣ್ಣಾ, ಅದನ್ನ ತೆರೀಬೇಡಿ. ತೇವ ಹೋಗುತ್ತೆ ಒಳಗೆ."

ತೆರೆದೆ. ಕ್ಯಾಮರಾ ಅಂಗಡಿಯಲ್ಲೂ ಇರದಷ್ಟು ಸಾಮಾನು. ಒಂದೊಂದಕ್ಕೂ ಬಿಳಿ ಅಂಕಿ, ಒಂದೊಂದಕ್ಕೂ ಮೆತ್ತನೆಯ ಹಾಸಿಗೆ. ಮೇಲಿನ ಸಾಲಿನ ಹಿಂಬದಿಯಲ್ಲಿ, ಅಂಕಿ ಇಲ್ಲದೆ, ಹಣೆ ಉಬ್ಬಿದ ಒಂದು ಗಾಜು. ಅದರ ಉಂಗುರಕ್ಕೆ ಕಂದು ಕಾಗದದ ಪಟ್ಟಿ ಅಂಟಿಸಿತ್ತು. ಚೌಕಟ್ಟಿನ ಬೆನ್ನಿಗೆ ನಾನು ಅಂಟಿಸುವ ಪಟ್ಟಿ ಅದು. ದೂರದ ಬೆಟ್ಟಕ್ಕೆ ಸರಿಮಾಡಿಕೊಂಡ ಮೇಲೆ ಉಂಗುರ ಅಲುಗಬಾರದೆಂದು ತಮ್ಮ ನನ್ನ ಅಂಗಡಿಯಿಂದ ಹರಿದುಕೊಂಡು ಹೋಗುತ್ತಿದ್ದ.

ನಾನು ಲೆನ್ಸನ್ನು ಎತ್ತಿಕೊಂಡೆ.

"ಪಟ್ಟಿಯನ್ನಾದ್ರೂ ಕೀಳಬೇಕು ಅನ್ನಿಸಲಿಲ್ವಾ ನಿಮಗೆ?"

"ಅವರು ಹೊಂದಿಸಿದ ಹಾಗೇ ಇರಲಿ ಅಂತ..." ಎಂದರು ಡಾಕ್ಟರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ತಲೆ ತಗ್ಗಿಸಿದರು. ಕೋಣೆ ತುಂಬ ಲೆನ್ಸಿಟ್ಟುಕೊಂಡವರು, ನನ್ನ ತಮ್ಮನ ಚಿತ್ರಗಳ ಗುಟ್ಟು ಈ ಒಂದು ಕಾಗದದ ಪಟ್ಟಿಯ ಕೆಳಗಿದೆಯೆಂದು ನಂಬಿದ್ದರು!

"ಕೊಲೆಗಡುಕ" ಎಂದೆ. "ಎಂಥ ಮನುಷ್ಯ ರೀ ನೀವು! ಅವನನ್ನ ಕೊಂದು, ಬೂಟಿನ ಧೂಳು ಸಹ ಒರೆಸದೆ ನನಗೆ ಸುದ್ದಿ ಹೇಳೋಕೆ ಬಂದ್ರಾ?"

"ನಾನು ಕೊಂದಿಲ್ಲ! ಇದನ್ನ ನಾನು ಗಣಿಯಿಂದ ತಂದದ್ದೂ ಅಲ್ಲ. ಮೊನ್ನೆ ಇಲ್ಲಿಗೇ ತಂದುಕೊಟ್ಟಿದ್ದು."

"ಯಾರು?"

"ಕೆಳಗೆ ಗಾಡಿ ಹಿಡ್ಕೊಂಡು ನಿಂತಿದ್ದಾನಲ್ಲ, ಅವನನ್ನೇ ಕೇಳಿ."

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಿಟಕಿಗೆ ಹೋಗಿ, ಬೀದಿಯೆಲ್ಲ ತಿರುಗಿ ನೋಡುವಂತೆ ಮಗನನ್ನು ಕೂಗಿದೆ.

ಅವನು ಬಂದ. ನನ್ನ ಕೈಯಲ್ಲಿದ್ದುದನ್ನು ನೋಡಿದ. ಗೋಡೆಗೆ ಒರಗಿಕೊಂಡ.

"ಮಾತಾಡೋ."

"ಚಿಕ್ಕಪ್ಪನೇ ಕೊಟ್ಟರಪ್ಪ. ಗಣಿಯ ಮೇಲೆ ಬಾ ಅಂದಿದ್ರು, ಹೋಗಿದ್ದೆ. ಬೆಳಕು ಬಿದ್ದ ಮೇಲೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಮುಚ್ಚಳನೂ ಅವರೇ ಹಾಕಿದ್ರು. ನಾನು ಇಳಿದು ಬರುವಾಗ ಇವರು ಮೇಲೆ ಹತ್ತಿಹೋಗ್ತಿದ್ರು."

"ಸುಳ್ಳು" ಎಂದರು ಡಾಕ್ಟರು. "ಕಾಲುದಾರಿಯಲ್ಲಿ ನೀನು ಎದುರಾದೆ, ನಿಜ. ಆದ್ರೆ ನಾನು ಮೇಲೆ ಹೋದಾಗ ಅಲ್ಲಿ ಯಾರೂ ಇರಲಿಲ್ಲ. ಸ್ಟ್ಯಾಂಡೂ ಇರಲಿಲ್ಲ. ಬಗ್ಗಿ ನೋಡಿದೆ... ಆಗಲೇ ಬಿದ್ದಿದ್ದರು."

"ಮದುವೆ ಕೆಲಸಕ್ಕೆ ಹೋಗಿದ್ದೆ ಅಂದಿದ್ಯಲ್ಲೋ ನನಗೆ! ಈ ಲೆನ್ಸು ಇವರ ಕಪಾಟಿಗೆ ಯಾಕೆ ಬಂತು?"

"ಕೊಡದಿದ್ರೆ ನೀನು ಅಲ್ಲಿದ್ದೆ ಅಂತ ಪೊಲೀಸರಿಗೆ ಹೇಳ್ತೀನಿ ಅಂದ್ರು. ಹೆದರಿಕೊಂಡೆ ಅಪ್ಪ. ಕೂಟದ ಚಿತ್ರ ಪ್ರದರ್ಶನದ ದಿನ ಎಲ್ಲರ ಮುಂದೆ ಚಿಕ್ಕಪ್ಪನ ಮೇಲೆ ಕೂಗಾಡಿದ್ದೆ. ಚಿತ್ರ ತೆಗೆಯೋದು ನೀನಲ್ಲ, ನಿನ್ನ ಗಾಜು. ಅದು ನನ್ನ ಕೈಲಿದ್ರೆ ನಿನ್ನ ಹೆಸರು ಯಾರೂ ಎತ್ತಲ್ಲ ಅಂದಿದ್ದೆ. ಎಲ್ಲರೂ ಕೇಳಿದ್ರು."

ಒಬ್ಬ ಬಾಯಿ ಮುಚ್ಚಿಕೊಂಡಿರಲು ಲೆನ್ಸು ಕೇಳಿದ, ಇನ್ನೊಬ್ಬ ಕೊಟ್ಟ. ನನ್ನ ತಮ್ಮ ಹೋದ ಮೇಲೂ ಇವರ ವ್ಯಾಪಾರ ನಡೆಯುತ್ತಲೇ ಇತ್ತು. ನನ್ನ ಕಣ್ಣು ಕತ್ತಲಿಟ್ಟಿತು. ಲೆನ್ಸನ್ನು ತಲೆಯ ಮೇಲೆತ್ತಿ ನೆಲಕ್ಕೆ ಅಪ್ಪಳಿಸಲು ಹೋದೆ.

"ಅಯ್ಯೋ, ಜೋಪಾನ!"

ಕೂಗಿದ್ದು ಇಬ್ಬರೂ. ಇಬ್ಬರೂ ಒಟ್ಟಿಗೇ ಮುಂದೆ ಹಾರಿ ಕೈ ಚಾಚಿದರು. ಲೆನ್ಸಿನ ಕೆಳಗೆ ನಾಲ್ಕು ಕೈಗಳು ಬೊಗಸೆಯಾಗಿ ನಿಂತವು.

ನಾನು ಆ ಕೈಗಳನ್ನು ನೋಡುತ್ತ ನಿಂತುಬಿಟ್ಟೆ. ಗಣಿಯ ಅಂಚಿನಲ್ಲಿ ನನ್ನ ತಮ್ಮ ಬೀಳುವಾಗ ಇವುಗಳಲ್ಲಿ ಒಂದೂ ಹೀಗೆ ಚಾಚಿರಲಿಲ್ಲ. ಇವುಗಳಲ್ಲೇ ಎರಡು ಅವನನ್ನು ನೂಕಿದವು. ಯಾವ ಎರಡು?

ಲೆನ್ಸನ್ನು ನನ್ನ ಹೆಗಲ ಚೀಲಕ್ಕೆ ಹಾಕಿಕೊಂಡೆ. "ಮುಟ್ಟಿದವನ ಕೈ ಮುರೀತೀನಿ" ಎಂದು ಹೇಳಿ, ನಡೆದುಕೊಂಡೇ ಅಂಗಡಿಗೆ ಬಂದೆ. ಮಗ ಗಾಡಿ ತಳ್ಳಿಕೊಂಡು ನನ್ನ ಹಿಂದೆಯೇ ಬಂದ.

ತಮ್ಮನ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. ಮಗನನ್ನು ನೋಡಿದಳು. ತಾಯಿಯಿಲ್ಲದ ಆ ಹುಡುಗನಿಗೆ ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಅವಳಿಗೆ ಬೇರೆ ಮಕ್ಕಳಿಲ್ಲ.

"ಭಾವ, ಆ ಕಾಗದಕ್ಕೆ ಸೈನ್ ಮಾಡಿಬಿಡಿ."

"ಬೆಳಿಗ್ಗೆ ನೀನೇ ತಡೆದೆಯಲ್ಲಮ್ಮ!"

"ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ. ಹೋದವರು ಹೋದರು. ನನಗೆ ಉಳಿದಿರೋದು ಇವನೊಬ್ಬ. ನಿಮ್ಮ ಕಾಲು ಹಿಡೀತೀನಿ ಭಾವ, ಇವನನ್ನೂ ಕಳಿಸಿಬಿಡಬೇಡಿ."

"ಇವನು ಮಾಡಿಲ್ಲ ಅಂತ ನೀನು ದೇವರ ಮೇಲೆ ಆಣೆಯಿಟ್ಟು ಹೇಳ್ತೀಯಾ?"

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಮಗ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ; ಅವಳ ಮೌನ ಅವನಿಗೆ ನನ್ನ ಸಿಟ್ಟಿಗಿಂತ ಹೆಚ್ಚು ತಾಕಿತು.

ಸಂಜೆಯಾಯಿತು. ಜೀಪು ಬಂದು ನಿಂತಿತು.

"ಸೈನ್ ಆಯ್ತಾ ಯಜಮಾನ್ರೇ?" ಎಂದು ಇನ್ಸ್‌ಪೆಕ್ಟರಮ್ಮ ಕೈ ಚಾಚಿದರು.

ಕಾಗದ ಮೇಜಿನ ಮೇಲಿತ್ತು. ಪೆನ್ನೂ ಇತ್ತು. ಒಂದು ಗೀಚು ಸಾಕು. ನನ್ನ ಮಗ ನನ್ನ ಮನೆಯಲ್ಲಿ ಉಳಿಯುತ್ತಾನೆ. ಪ್ರತಿ ಬೆಳಿಗ್ಗೆ ನನ್ನ ಎದುರು ಕೂತು ತಿಂಡಿ ತಿನ್ನುತ್ತಾನೆ. ನಾನು ಪ್ರತಿ ಬೆಳಿಗ್ಗೆ ಅವನ ಕೈಗಳನ್ನು ನೋಡುತ್ತೇನೆ.

ಕಾಗದವನ್ನು ಹರಿದು ಹಾಕಿದೆ.

"ಇದು ಕಾಲು ಜಾರಿದ್ದಲ್ಲ ಅಮ್ಮ, ಕೊಲೆ. ಬರ್ಕೊಳ್ಳಿ. ಈ ಮುಚ್ಚಳ ನೋಡಿ, ಈ ಲೆನ್ಸು ನೋಡಿ. ಆ ಬೆಳಿಗ್ಗೆ ಗಣಿಯ ಮೇಲೆ ನನ್ನ ತಮ್ಮನ ಹತ್ರ ಇದ್ದವರು ಇಬ್ಬರು. ಒಬ್ಬರು ಹಲ್ಲಿನ ಡಾಕ್ಟರು." ಮಗನ ಕಡೆ ಬೆರಳು ತೋರಿಸಿದೆ. "ಇನ್ನೊಬ್ಬ ಇವನು. ನನ್ನ ಮಗ."

ಹಿಂದೆ ಸ್ಟೂಲು ಉರುಳಿದ ಸದ್ದಾಯಿತು. ನಾನು ತಿರುಗಲಿಲ್ಲ.

ಇನ್ಸ್‌ಪೆಕ್ಟರಮ್ಮ ಬೆಳಗಿನಿಂದ ನಡೆದುದನ್ನೆಲ್ಲ ಕೇಳಿಕೊಂಡರು. ಡಾಕ್ಟರನ್ನು ಕರೆತರಲು ಪೇದೆಯನ್ನು ಅಟ್ಟಿದರು. ಲೆನ್ಸನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡರು. ಮಗನ ತೋಳು ಹಿಡಿದು, "ನಡಿಯಪ್ಪ" ಎಂದರು.

ಅವನು ವಿರೋಧಿಸಲಿಲ್ಲ. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನು ತಿರುಗಿದ. ಅವನು ನೋಡಿದ್ದು ನನ್ನನ್ನಲ್ಲ, ಚಿಕ್ಕಮ್ಮನನ್ನು.

"ಚಿಕ್ಕಮ್ಮ, ಡಾಕ್ಟ್ರ ಮುಂದೆ ನಾನು ಹೇಳಿದ್ದು ನಿಜ ಅಲ್ಲ. ಚಿಕ್ಕಪ್ಪ ನನ್ನ ಕೈಗೆ ಲೆನ್ಸು ಕೊಡ್ಲೇ ಇಲ್ಲ."

"ಮತ್ತೆ ನಿನಗೆ ಯಾರೋ ಕೊಟ್ಟಿದ್ದು?" ಎಂದು ನಾನು ಅರಚಿದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ಇನ್ಸ್‌ಪೆಕ್ಟರಮ್ಮ ಅವನನ್ನು ಒಳಗೆ ಕೂರಿಸಿ, "ಇನ್ನು ಹೇಳೋದೆಲ್ಲ ಠಾಣೆಯಲ್ಲಿ" ಎಂದು ಬಾಗಿಲು ಎಳೆದುಕೊಂಡರು. ಜೀಪು ತಿರುವಿನಲ್ಲಿ ಮರೆಯಾಯಿತು. ತಮ್ಮ ಕೊಡದೇ ಇದ್ದರೆ ಇವನೇ ಬಿಚ್ಚಿಕೊಂಡನೋ, ಇನ್ನಾರ ಕೈಯಿಂದಲಾದರೂ ಬಂತೋ, ಆ ಉತ್ತರವೂ ಜೀಪಿನೊಂದಿಗೆ ಹೋಯಿತು.

ನಾನು ಅಂಗಡಿಯ ಬಾಗಿಲು ಹಾಕಿ, ಗಾಜಿನ ಚೂರುಗಳ ನಡುವೆಯೇ ಮೊಣಕಾಲೂರಿ ಕುಳಿತೆ. ತಮ್ಮನ ಹೆಂಡತಿ ನನ್ನಿಂದ ದೂರ, ಗೋಡೆಯ ಬಳಿ ಕುಳಿತಳು. ಸಿಟ್ಟು ಇಳಿದಿರಲಿಲ್ಲ. ಇಳಿಯಲೆಂದು ಕಾಯಲೂ ಇಲ್ಲ. ಸಿಟ್ಟಿನಲ್ಲೇ ಕೈ ಜೋಡಿಸಿದೆ.

ದೇವರೇ, ನನ್ನ ತಮ್ಮ ಬೆಳಕಿಗಾಗಿ ಎಷ್ಟೋ ಸಲ ಕತ್ತಲಲ್ಲಿ ಒಬ್ಬನೇ ಕಾದವನು. ಇನ್ನು ಅವನನ್ನು ಕಾಯಿಸಬೇಡ. ಅವನ ಆತ್ಮಕ್ಕೆ ಶಾಂತಿ ಕೊಡು. ನನಗೆ ಈಗಲೇ ಬೇಡ.